ಐದರಲ್ಲಿ ಮೂರು

ನಮ್ಮವರು ಲಿಫ್ಟ್ ರಿಪೇರಿಯವರು. ಮೂವತ್ತೊಂದು ವರ್ಷ ಒಂದೇ ಕಂಪನಿ. ಯಾವ ಕಟ್ಟಡದ ಲಿಫ್ಟು ಯಾವ ಮಹಡಿ ದಾಟುವಾಗ ಗೊರಗೊರ ಎನ್ನುತ್ತದೆ ಎಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುವ ಮನುಷ್ಯ, ನಮ್ಮ ಮದುವೆಯ ತಾರೀಕು ಕೇಳಿದರೆ ಮಾತ್ರ ಗೋಡೆಯ ಕ್ಯಾಲೆಂಡರ್ ಕಡೆ ಕಣ್ಣು ಹಾಯಿಸುತ್ತಿದ್ದರು. ಸಂಜೆ ಮನೆಗೆ ಬಂದು, ಗ್ರೀಸು ಹೋಗುವವರೆಗೆ ಕೈ ತಿಕ್ಕಿ ತೊಳೆದರೆ ಮುಗಿಯಿತು, ನೇರ ಹಿಂದಿನ ಕೋಣೆಗೆ. ಅಲ್ಲಿ ಅವರ ರೇಡಿಯೊ.

ಹಾಡು ಕೇಳುವ ರೇಡಿಯೊ ಅಲ್ಲ. ಹ್ಯಾಮ್ ರೇಡಿಯೊ ಅನ್ನುತ್ತಾರೆ. ಪರೀಕ್ಷೆ ಬರೆದು ಲೈಸೆನ್ಸು ತೆಗೆದುಕೊಂಡು, ಸರ್ಕಾರ ಕೊಟ್ಟ ಒಂದು ಗುರುತಿನ ಅಕ್ಷರ ಇಟ್ಟುಕೊಂಡು, ಕಂಡರಿಯದ ಜನರ ಜೊತೆ ಗಾಳಿಯಲ್ಲಿ ಮಾತಾಡುವುದು. ಅದರಿಂದ ಲಾಭ ಏನು ಎಂದು ಮದುವೆಯಾದ ಹೊಸದರಲ್ಲಿ ನಾನು ಕೇಳಿದ್ದೆ. ಏನೂ ಇಲ್ಲ, ಖುಷಿ ಅಷ್ಟೇ ಎಂದಿದ್ದರು. ಫೋನಿನಲ್ಲಿ ಮಾತಾಡಿದರೆ ಖುಷಿಯಾಗುವುದಿಲ್ಲವೇ ಎಂದರೆ, ಫೋನಿನಲ್ಲಿ ಆ ಕಡೆಯವರು ಯಾರೆಂದು ಮೊದಲೇ ಗೊತ್ತಿರುತ್ತದಲ್ಲ ಎಂದರು. ಇಂಥವರಿಗೆ ಏನು ಹೇಳುವುದು? ಒಮ್ಮೆ ನಾನು ಬಟ್ಟೆ ಒಣಹಾಕುವ ತಂತಿಯ ಪಕ್ಕದಲ್ಲೇ ಇನ್ನೊಂದು ತಂತಿ ಎಳೆದು, ಅದೆಲ್ಲೋ ಸಮುದ್ರದ ಮಧ್ಯದ ದ್ವೀಪದವನೊಬ್ಬನನ್ನು ಹಿಡಿದರು. ಹತ್ತು ನಿಮಿಷ. ಆ ಮನುಷ್ಯ ಅಲ್ಲಿ ಹವಾಮಾನ ನೋಡುವ ಕೆಲಸದವನಂತೆ, ಆರು ತಿಂಗಳಿಂದ ಹೊಸ ದನಿ ಕೇಳಿರಲಿಲ್ಲವಂತೆ. ಇವರು ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತಾಗ ಕಣ್ಣಲ್ಲಿ ನೀರು. ನಾನು ಗೊಣಗುವುದನ್ನು ಅವತ್ತಿಗೆ ನಿಲ್ಲಿಸಿದೆ.

ಈ ಹವ್ಯಾಸದವರಲ್ಲಿ ಒಂದು ಪದ್ಧತಿ ಇದೆ. ಇಬ್ಬರು ಸಿಕ್ಕಿದ ಕೂಡಲೇ, ನೀನು ನನಗೆ ಹೇಗೆ ಕೇಳಿಸುತ್ತಿದ್ದೀಯ ಎಂದು ಒಬ್ಬರಿಗೊಬ್ಬರು ಅಂಕ ಕೊಡಬೇಕು. ಸ್ಪಷ್ಟತೆಗೆ ಐದರಲ್ಲಿ ಇಷ್ಟು, ಬಲಕ್ಕೆ ಒಂಬತ್ತರಲ್ಲಿ ಇಷ್ಟು ಎಂದು. ಬಲವನ್ನು ರೇಡಿಯೊದ ಸೂಜಿಯೇ ತೋರಿಸುತ್ತದೆ. ಸ್ಪಷ್ಟತೆಗೆ ಮಾತ್ರ ಸೂಜಿ ಇಲ್ಲ, ಕಿವಿಯೇ ಹೇಳಬೇಕು. ಬಹಳ ಜನ ಸಂಕೋಚಕ್ಕೆ ಐದಕ್ಕೆ ಐದು ಕೊಟ್ಟುಬಿಡುತ್ತಾರಂತೆ. ಇವರು ಹಾಗಲ್ಲ. ಕೇಳಿಸಿದಷ್ಟೇ ಕೊಡುತ್ತಿದ್ದರು, ಕೊಟ್ಟದ್ದನ್ನು ಗೆರೆ ಹಾಕಿದ ಉದ್ದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಪುಸ್ತಕವೇ ನನಗೆ ಮುಳುವಾಯಿತು.

ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಯಾವ ವಾರ್ಡಿಗೆ ಎಷ್ಟು ಹಾಸು ಹೋಯಿತು, ಎಷ್ಟು ಬಂತು, ದಿನವಿಡೀ ಅದೇ. ಸಾಲಾಗಿ ಬರೆದ ಅಂಕಿ ಕಂಡರೆ ಸಾಕು, ನನ್ನ ಕಣ್ಣು ತಾನಾಗಿಯೇ ಮೇಲಿಂದ ಕೆಳಗೆ ಓಡುತ್ತದೆ. ಒಂದು ರಜೆಯ ದಿನ ಆ ಕೋಣೆಯ ಧೂಳು ಹೊಡೆಯುವಾಗ ಪುಸ್ತಕ ತೆರೆದು ಬಿದ್ದಿತ್ತು. ಬಲದ ಸಾಲಿನಲ್ಲಿ ಒಂಬತ್ತು, ಒಂಬತ್ತು, ಒಂಬತ್ತು. ಪಕ್ಕದ ಸ್ಪಷ್ಟತೆಯ ಸಾಲಿನಲ್ಲಿ ಮೂರು, ಮೂರು, ಮೂರು. ಹಿಂದಿನ ವರ್ಷದ ಹಾಳೆ ತಿರುವಿದೆ, ನಾಲ್ಕು. ಅದರ ಹಿಂದೆ ಐದು. ಊರಾಚೆಯವರು ಮಾತ್ರವಲ್ಲ, ನಾಲ್ಕು ಬೀದಿ ಆಚೆಯಿರುವ ಮೇಷ್ಟ್ರಿಗೂ ಮೂರೇ ಅಂಕ. ರಿಟೈರಾದ ವಿಜ್ಞಾನದ ಮೇಷ್ಟ್ರು ಅವರು, ತರಗತಿಯ ಕೊನೆಯ ಬೆಂಚಿಗೆ ಮುಟ್ಟುವ ಗಂಟಲು. ರೇಡಿಯೊದಲ್ಲಿ ಅವರು ಮಾತಾಡಿದರೆ ಒಲೆ ಮುಂದೆ ನಿಂತ ನನಗೆ ಒಂದಕ್ಷರ ಬಿಡದೆ ಕೇಳಿಸುತ್ತಿತ್ತು.

ಎಲ್ಲರ ದನಿ ಒಟ್ಟಿಗೆ ಹೇಗೆ ಕೆಡುತ್ತದೆ? ಆ ಎರಡು ವರ್ಷದಲ್ಲಿ ಇವರು ಕೇಬಲ್ ಬದಲಾಯಿಸಿದ್ದರು, ಆಂಟೆನಾ ಬದಲಾಯಿಸಿದ್ದರು, ಸ್ಪೀಕರ್ ಬಿಚ್ಚಿ ಹಾಕಿದ್ದರು. ಮೇಷ್ಟ್ರ ಮೈಕು ಸರಿಯಿಲ್ಲ ಎಂದು ಜಗಳವನ್ನೂ ಆಡಿದ್ದರು.

ಸಂಜೆ ಪರೀಕ್ಷೆ ಮಾಡಿದೆ. ಇವರು ಬೆನ್ನು ಹಾಕಿ ಕೂತು ಯಾವುದೋ ತಂತಿಗೆ ಬೆಸುಗೆ ಹಾಕುತ್ತಿದ್ದರು, ಕಿವಿಗೆ ಹೆಡ್‌ಫೋನೂ ಇರಲಿಲ್ಲ. ಬಾಗಿಲಲ್ಲಿ ನಿಂತು ಟೀ ಬೇಕಾ ಎಂದೆ. ಉತ್ತರವಿಲ್ಲ. ಎರಡು ಹೆಜ್ಜೆ ಹತ್ತಿರ ಹೋಗಿ, ಅದೇ ದನಿಯಲ್ಲಿ, ರೀ, ಮನೆಗೆ ಬೆಂಕಿ ಬಿದ್ದಿದೆ ಎಂದೆ. ಬೆಸುಗೆಯ ಹೊಗೆ ಊದಿಕೊಂಡು ಕೂತೇ ಇದ್ದರು. ನಗು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಇವರ ಕಿವಿ ನಂಬಿಕೊಂಡು ದಿನಾ ಕೆಲಸ ಮಾಡುವವನು ನನ್ನ ತಮ್ಮ.

ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅಮ್ಮ ಹೋದಾಗ ಅವನಿನ್ನೂ ಶಾಲೆಗೆ ಸೇರಿರಲಿಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಇವರೇ ಅವನನ್ನು ಕಂಪನಿಗೆ ಸೇರಿಸಿದ್ದು, ಹದಿನೆಂಟು ವರ್ಷದಿಂದ ಇಬ್ಬರೂ ಜೋಡಿ. ಇವರು ಕಟ್ಟಡದ ತುದಿಯ ಮೋಟಾರ್ ರೂಮಿನಲ್ಲಿ, ಅವನು ಕೆಳಗೆ. ನಡುವೆ ಮಾತಿಗೆ ಎರಡು ವಾಕಿಟಾಕಿ. ಇಳಿಸಿ ಎಂದರೆ ಇಳಿಸಬೇಕು, ನಿಲ್ಲಿಸಿ ಎಂದರೆ ನಿಲ್ಲಿಸಬೇಕು. ಭಾವನ ಹುಚ್ಚು ಅವನಿಗೂ ಹತ್ತಿತ್ತು. ಲೈಸೆನ್ಸ್ ಪರೀಕ್ಷೆಗೆ ಓದುತ್ತಿದ್ದ. ಪಾಸಾಗುವವರೆಗೆ ಮಾತಾಡುವಂತಿಲ್ಲ, ಕೇಳಬಹುದು. ಹಾಗಾಗಿ ಇವರು ಅವನಿಗೊಂದು ಹಳೆಯ ರಿಸೀವರ್ ಕೊಟ್ಟು, ದಿನಾ ಸಂಜೆ ಏಳು ಗಂಟೆಗೆ ತಪ್ಪದೆ ಕೇಳು ಎಂದು ಕಟ್ಟಪ್ಪಣೆ ಮಾಡಿದ್ದರು. ಏಳಕ್ಕೆ ಊರಿನ ಹತ್ತು ಹನ್ನೆರಡು ಜನ ರೇಡಿಯೊದ ಒಂದೇ ಜಾಗದಲ್ಲಿ ಸೇರುತ್ತಿದ್ದರು. ನೆಟ್ಟು ಎನ್ನುತ್ತಾರೆ ಅದನ್ನು. ಮೇಷ್ಟ್ರು ಹಾಜರಿ ಕರೆಯುತ್ತಿದ್ದರು, ಒಬ್ಬೊಬ್ಬರಾಗಿ ಮಾತಾಡುತ್ತಿದ್ದರು.

ಕಿವಿ ಡಾಕ್ಟರ ಹತ್ತಿರ ಇವರನ್ನು ಹೆಚ್ಚುಕಮ್ಮಿ ಎಳೆದುಕೊಂಡು ಹೋದೆ. ನನ್ನ ಆಸ್ಪತ್ರೆಗಲ್ಲ, ಗುರುತಿನವರು ಸಿಗದ ಹಾಗೆ ಊರಿನ ಇನ್ನೊಂದು ತುದಿಗೆ. ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂರಿಸಿ, ಕೇಳಿಸಿದಾಗ ಗುಂಡಿ ಒತ್ತಿ ಎಂದರು. ಹೊರಗೆ ಬಂದ ಕಾಗದದ ಮೇಲೆ ಒಂದು ಗೆರೆ ಅರ್ಧದವರೆಗೆ ನೆಟ್ಟಗೆ ನಡೆದು, ಆಮೇಲೆ ಮೆಟ್ಟಿಲಿಂದ ಬಿದ್ದವರ ಹಾಗೆ ಕೆಳಗೆ ಹೋಗಿತ್ತು. ದಪ್ಪ ದನಿ ಕೇಳುತ್ತದೆ, ಚೂಪು ದನಿ ಹೋಗಿದೆ, ಗದ್ದಲದಲ್ಲಿ ಇನ್ನೂ ಕಷ್ಟ, ಎಡಗಿವಿ ಸ್ವಲ್ಪ ವಾಸಿ ಎಂದರು ಡಾಕ್ಟರು. ಮೋಟಾರ್ ರೂಮಿನಲ್ಲಿ ಮೂವತ್ತು ವರ್ಷ ಎಂದ ಕೂಡಲೇ ಮುಂದಕ್ಕೆ ಏನೂ ಕೇಳಲಿಲ್ಲ, ಮಿಷನ್ನು ಹಾಕಿಕೊಳ್ಳಿ ಎಂದು ಚೀಟಿ ಬರೆದರು. ಇವರು ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನೊಳಗೆ ಹಾಕಿದರು. ಕಿವಿಯಲ್ಲಿ ಮಿಷನ್ನು ಕಂಡರೆ ಕಂಪನಿ ಅವತ್ತೇ ಮನೆಗೆ ಕಳಿಸುತ್ತದೆ, ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ನಾನೂ ತಲೆಯಾಡಿಸಿದೆ.

ಮೂರು ವಾರ ಕಳೆದು ಒಂದು ಮಂಗಳವಾರ. ಇವರು ಆರೂವರೆಗೆ ಮನೆಗೆ ಬಂದರು. ಕೈ ತೊಳೆಯದೆ ಹಿಂದಿನ ಕೋಣೆಗೆ ಹೋದರು. ಅಭ್ಯಾಸಬಲ, ಏಳಕ್ಕೆ ರೇಡಿಯೊ ಹಾಕಿ ಮೇಷ್ಟ್ರ ಹಾಜರಿಗೆ ಉತ್ತರ ಕೊಟ್ಟರು, ಆಮೇಲೆ ಹೆಡ್‌ಫೋನ್ ತೆಗೆದಿಟ್ಟು ಸುಮ್ಮನೆ ಕೂತರು. ನಾನು ಒಣಗಿದ ಬಟ್ಟೆ ಮಡಿಸಿ ತಂದವಳು, ಏನಾಯ್ತು ಎಂದು ಕೇಳುತ್ತಾ ಆ ಗಂಟನ್ನು ಅಲ್ಲೇ ಮೇಜಿನ ಮೇಲಿಟ್ಟೆ.

ಇವರು ಹೇಳಿದ್ದು ಇಷ್ಟು. ಹನ್ನೊಂದು ಮಹಡಿಯ ಹಳೆಯ ಆಫೀಸು ಕಟ್ಟಡ, ಒಂದೆರಡು ತಿಂಗಳು ಅಲ್ಲೇ ಕೆಲಸ. ಲಿಫ್ಟ್ ಓಡಾಡುವ ಹಾದಿಯ ತಳದಲ್ಲಿ ಒಂದು ಗುಂಡಿ ಇರುತ್ತದೆ, ತಮ್ಮ ಅದರೊಳಗಿಳಿದು ಸ್ಪ್ರಿಂಗು ನೋಡುತ್ತಿದ್ದ. ಗುಂಡಿಯಲ್ಲಿ ಲಿಫ್ಟು ನಿಲ್ಲಿಸುವ ಒಂದು ಸ್ವಿಚ್ಚು ಇರಬೇಕು, ಅಲ್ಲಿ ಅದು ಕೆಟ್ಟು ವರ್ಷವಾಗಿತ್ತು. ಇವರು ಮೇಲಿಂದ ಕ್ಯಾಬಿನ್ನನ್ನು ಇಷ್ಟಿಷ್ಟೇ ಇಳಿಸುತ್ತಿದ್ದರು. ತಮ್ಮ ವಾಕಿಟಾಕಿಯಲ್ಲಿ ನಿಲ್ಲಿಸಿ ಎಂದ. ಮೋಟಾರಿನ ಸದ್ದು, ಇವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಎಂದ. ಕೇಳಿಸಲಿಲ್ಲ. ಮೂರನೆಯ ಸಲ ಅವನು ಕಿರುಚಿಕೊಂಡ ಕಿರುಚು ಹನ್ನೊಂದು ಮಹಡಿ ಹತ್ತಿ, ಹಗ್ಗ ಹಾದುಹೋಗುವ ತೂತಿನಿಂದ ಮೇಲೆ ಬಂತು. ಅಂಗಾತ ಮಲಗಿಬಿಟ್ಟಿದ್ದನಂತೆ. ಕ್ಯಾಬಿನ್ ನಿಂತಾಗ ಅವನ ಮೂಗಿಗೂ ಅದರ ಅಡಿಗೂ ನಡುವೆ ಒಂದು ಗೇಣು.

ಏನಾಯ್ತು ಭಾವ ಎಂದು ಅವನು ನಡುಗುತ್ತಲೇ ಕೇಳಿದ್ದಕ್ಕೆ, ಬ್ರೇಕು ಜಾರಿತು ಎಂದರಂತೆ ಇವರು. ಅವನು ನಂಬಿ, ಊಟ ಬಿಟ್ಟು ಎರಡು ಗಂಟೆ ಕೂತು, ಏನೂ ಆಗದ ಬ್ರೇಕನ್ನು ಬಿಚ್ಚಿ ಜೋಡಿಸಿದ್ದನಂತೆ.

"ನಾಳೆ ಬೆಳಿಗ್ಗೆ ಅವನಿಗೆ ಹೇಳ್ಬಿಡ್ತೀನಿ," ಎಂದರು. "ಆಫೀಸಿಗೂ ಹೇಳ್ತೀನಿ. ಸಾಕಾಯ್ತು."

ಬೇಡ ಎಂದೆ. ನಾನೇ ಅಂದೆ. ಆಗ ನನ್ನ ಬಾಯಲ್ಲಿ ಬಂದ ಮಾತನ್ನು ಒಂದೂ ಮರೆತಿಲ್ಲ.

"ಅವನಿಗೆ ಗೊತ್ತಾದ್ರೆ ನಾಳೆಯಿಂದ ನಿಮ್ ಜೊತೆ ಗುಂಡಿಗಿಳಿಯಲ್ಲ. ಯಾಕೆ ಅಂತ ಆಫೀಸಿನವರು ಕೇಳ್ತಾರೆ. ಹದಿನಾಲ್ಕು ತಿಂಗಳು ಕಣ್ರೀ, ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಹೋಗುತ್ತೆ."

"ಅವನು ನಿನ್ನ ತಮ್ಮ."

"ಅವನಿಗೇನೂ ಆಗಲ್ಲ. ನೀವು ಹುಷಾರಾಗಿರಿ, ಅಷ್ಟೇ."

ಅದನ್ನೇ ತಿರುಗಿಸಿ ಮುರುಗಿಸಿ ಎಷ್ಟು ಹೊತ್ತು ಹೇಳಿದೆನೋ. ನಡುವೆ ಹಜಾರದ ಫೋನು ಎರಡು ಸಲ ಬಡಿದುಕೊಂಡಿತು. ಹೊಡೆದುಕೊಳ್ಳಲಿ ಬಿಡಿ ಎಂದೆ. ಕೊನೆಗೆ ಇವರು ತಲೆ ತಗ್ಗಿಸಿ ಆಯಿತು ಎಂದರು. ಆಗಲೇ ನನಗೆ ರೇಡಿಯೊದ ಒಳಗಿನ ಫ್ಯಾನು ಜೋರಾಗಿ ಕೂಗುತ್ತಿರುವುದು ಕೇಳಿಸಿತು. ಇವರಿಗೆ ಅದೆಲ್ಲಿ ಕೇಳಿಸಬೇಕು? ನೋಡಿದರೆ ಮುಂಭಾಗದಲ್ಲಿ ಕೆಂಪು ದೀಪ ಉರಿಯುತ್ತಿದೆ.

ಆ ಮೈಕು ಮೇಜಿನ ಮೇಲೆ ನಿಲ್ಲುವಂಥದ್ದು. ಬುಡದಲ್ಲೊಂದು ಅಗಲವಾದ ಪಟ್ಟಿ ಇದೆ, ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಅವರದ್ದು ಬರುತ್ತದೆ. ನನ್ನ ಬಟ್ಟೆಗಂಟು ಆ ಪಟ್ಟಿಯ ಮೇಲೆ ಕೂತಿತ್ತು. ಒತ್ತಿ ಹಿಡಿದಷ್ಟು ಹೊತ್ತು ಬೇರೆ ಯಾರೂ ಮಾತಾಡಲಾಗದು, ಮಾತಾಡಿದರೂ ನಮಗೆ ಕೇಳದು. ಕೇಳಿಸಿಕೊಳ್ಳುವುದು ಬಿಟ್ಟು ಅವರಿಗೆ ಬೇರೆ ದಾರಿಯೇ ಇಲ್ಲ. ಗಡಿಯಾರ ನೋಡಿದೆ. ಇಪ್ಪತ್ತೆರಡು ನಿಮಿಷ.

ಗಂಟನ್ನು ಕಿತ್ತುಕೊಂಡೆ. ಕೆಂಪು ದೀಪ ಆರಿತು. ಆಮೇಲೆ ಮೇಷ್ಟ್ರ ದನಿ, ಎಂದಿಲ್ಲದ ಮೆಲುದನಿ. ಇವತ್ತಿಗೆ ನೆಟ್ಟು ಮುಗಿಯಿತು, ಎಲ್ಲರಿಗೂ ನಮಸ್ಕಾರ ಎಂದರು. ಯಾರೂ ಏನೂ ಅನ್ನಲಿಲ್ಲ. ಈ ರೇಡಿಯೊದವರಲ್ಲಿ ಅದೂ ಒಂದು ನಿಯಮ, ತನಗೆ ಹೇಳದ ಮಾತು ಕಿವಿಗೆ ಬಿದ್ದರೆ ಅದನ್ನು ಬಾಯಿಬಿಡುವಂತಿಲ್ಲ. ಹಾಗಾಗಿ ಯಾರು ಕೇಳಿದರು, ಯಾರು ಎದ್ದು ಹೋಗಿದ್ದರು ಎಂದು ನಾವು ಯಾರನ್ನು ಕೇಳುವುದು? ಔಷಧಿ ಅಂಗಡಿಯವರು ಕೇಳಿರಬಹುದು, ಬ್ಯಾಂಕಿನವರು ಕೇಳಿರಬಹುದು. ಅವರು ಕೇಳಿದರೆ ಕೇಳಲಿ, ಮಾನ ಹೋಗಲಿ. ನನ್ನ ಜೀವ ಹಿಂಡುತ್ತಿದ್ದುದು ಒಂದೇ ಪ್ರಶ್ನೆ. ತಮ್ಮ ಅವತ್ತು ರಿಸೀವರ್ ಹಾಕಿದ್ದನೇ?

ಮರುದಿನ ಬೆಳಿಗ್ಗೆ ಕಂಪನಿಯ ವ್ಯಾನಿನಲ್ಲಿ ಹೋಗುವಾಗ ಇವರು ಏನೂ ಅರಿಯದವರ ಹಾಗೆ, ನಿನ್ನೆ ನೆಟ್ಟು ಕೇಳಿದೆಯಾ ಎಂದು ಅವನನ್ನು ವಿಚಾರಿಸಿದರು. ಇಲ್ಲ ಭಾವ, ಬ್ಯಾಟರಿ ಮುಗಿದಿತ್ತು ಎಂದನಂತೆ. ಇವರು ಅಲ್ಲಿಂದಲೇ ನನಗೆ ಫೋನು ಮಾಡಿ ಹೇಳಿದರು. ಹಾಸುಗಳ ರಾಶಿಗೆ ಮುಖ ಒತ್ತಿಕೊಂಡು ಗಳಗಳ ಅತ್ತುಬಿಟ್ಟೆ. ಹೋದ ಜೀವ ಬಂದ ಹಾಗಾಯಿತು.

ಅವನಿಗೆ ಗೊತ್ತಿಲ್ಲ ಎಂದಾದ ಮೇಲೆ ನಾನು ತಾನೇ ಹೇಳಬೇಕಿತ್ತು? ಹೇಳಲಿಲ್ಲ. ಗೊತ್ತಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡು, ಗೊತ್ತಿಲ್ಲದವನನ್ನು ದಿನಾ ಆ ಗುಂಡಿಗೆ ಇಳಿಸಿದೆ.

ಆ ದಿನಗಳನ್ನು ನಾನು ಹೇಗೆ ಕಳೆದೆ ಎಂದು ನನಗೇ ಗೊತ್ತು. ಲಾಂಡ್ರಿಯ ಕಿಟಕಿಯಿಂದ ಎಮರ್ಜೆನ್ಸಿ ಬಾಗಿಲು ಕಾಣುತ್ತದೆ. ಆಂಬುಲೆನ್ಸ್ ಬಂದಾಗಲೆಲ್ಲ ಕೈಯಲ್ಲಿದ್ದುದನ್ನು ಬಿಸಾಕಿ ಓಡುತ್ತಿದ್ದೆ. ಮುಖ ನೋಡುವ ಧೈರ್ಯವಿಲ್ಲ, ಸ್ಟ್ರೆಚರಿನ ತುದಿಯಲ್ಲಿ ಚಾಚಿದ ಕಾಲು ನೋಡುತ್ತಿದ್ದೆ. ಕಂಪನಿಯ ಬೂಟಿಗೆ ಹಳದಿ ಅಡಿ. ಹಳದಿ ಇಲ್ಲದ್ದನ್ನು ಕಂಡು ವಾಪಸ್ ಬಂದು, ಎಣಿಕೆ ತಪ್ಪಿ, ಮೇಲಿನವರಿಂದ ಬೈಸಿಕೊಳ್ಳುತ್ತಿದ್ದೆ. ಒಂದು ದಿನ ಹಳದಿ ಅಡಿಯದೇ ಬಂತು. ಅಲ್ಲೇ ಗೋಡೆ ಹಿಡಿದು ಕೂತುಬಿಟ್ಟೆ. ಅದು ಯಾರೋ ಪೇಂಟರು, ಏಣಿಯಿಂದ ಬಿದ್ದವರು. ಅವರ ಹೆಂಡತಿ ಪಕ್ಕದಲ್ಲಿ ಅಳುತ್ತಿದ್ದರೆ ನಾನು ಸದ್ಯ ಎಂದು ಉಸಿರು ಬಿಟ್ಟೆ. ಅಷ್ಟು ಕೆಟ್ಟುಹೋಗಿದ್ದೆ ನಾನು.

ಇವರಿಗೆ ದಿನಾ ಬೆಳಿಗ್ಗೆ ಒಂದೇ ಪಾಠ. ವಾಕಿಟಾಕಿ ಸೊಂಟಕ್ಕೆ ಸಿಕ್ಕಿಸಬೇಡಿ, ಎಡಗಿವಿಗೆ ಹಿಡಿದೇ ಇರಿ. ಎರಡೂ ಕೈ ಬೇಕಾದ ಕೆಲಸದಲ್ಲಿ ಅದನ್ನು ಕಿವಿಗೆ ಹಿಡಿಯುವುದು ಹೇಗೆ ಎಂದು ಅವರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಸಂಜೆಯ ರೇಡಿಯೊ ನಿಂತುಹೋಯಿತು. ಮೇಷ್ಟ್ರು ಏಳಕ್ಕೆ ಹಾಜರಿ ಕರೆಯುವಾಗ ಇವರು ಹಜಾರದಲ್ಲಿ ಪೇಪರು ಹಿಡಿದುಕೊಂಡು ಕೂತಿರುತ್ತಿದ್ದರು.

ಎರಡನೆಯ ಭಾನುವಾರ ತಮ್ಮ ಊಟಕ್ಕೆ ಬಂದ. ನಾನು ಬಡಿಸುತ್ತಾ ಅವನ ಮುಖವನ್ನೇ ಓದುತ್ತಿದ್ದೆ. ಎಂದಿನ ಹಾಗೆ ನಗುತ್ತಿದ್ದ, ಭಾವನನ್ನು ರೇಗಿಸುತ್ತಿದ್ದ. ನನ್ನನ್ನು ಮಾತ್ರ ಒಂದೆರಡು ಸಲ ತಲೆಯೆತ್ತಿ ನೋಡಿ, ಏನೋ ಕಾಯುವವನ ಹಾಗೆ ತುತ್ತು ನಿಲ್ಲಿಸಿದ. ಇನ್ನೊಂದು ಸ್ವಲ್ಪ ಹಾಕಿಸಿಕೋ ಎಂದೆ. ಸಾಕಕ್ಕ ಎಂದು ಎದ್ದ. ಏಳುವಾಗ ಮೊಣಕಾಲು ಹಿಡಿದುಕೊಂಡ.

ಆಮೇಲಿನ ಗುರುವಾರ ಅವನ ಹೆಂಡತಿ ನನಗೆ ಫೋನು ಮಾಡಿದಳು. ನಿಮ್ಮ ತಮ್ಮನ ಕಾಲು ಎರಡೂ ಊದಿಕೊಂಡಿದೆ ಅತ್ತಿಗೆ, ರಾತ್ರಿ ಮಗ್ಗುಲು ಬದಲಿಸಿದರೆ ನರಳುತ್ತಾರೆ, ನಿಮ್ಮ ಆಸ್ಪತ್ರೆಯಲ್ಲಿ ಯಾವುದಾದರೂ ಮುಲಾಮು ಸಿಗುತ್ತದಾ ಎಂದಳು. ಸಂಜೆ ಇವರಿಗೆ ಹೇಳಿದೆ. ಇವರು ಪೇಪರಿನಿಂದ ತಲೆಯೆತ್ತದೆ, ಊದದೆ ಇನ್ನೇನು ಎಂದರು. ಇತ್ತೀಚೆಗೆ ನಿನ್ನ ತಮ್ಮನಿಗೆ ರೂಲ್ಸು ತಲೆಗೇರಿದೆ. ಗುಂಡಿಗಿಳಿಯುವ ಮುಂಚೆ ಪ್ರತಿ ಸಲ ಹನ್ನೊಂದು ಮಹಡಿ ಹತ್ತಿ ಬರುತ್ತಾನೆ, ಮೇನ್ ಸ್ವಿಚ್ಚು ಕೆಳಗೆ ಮಾಡಿ ತನ್ನ ಬೀಗ ಹಾಕುತ್ತಾನೆ, ಬೀಗದಕೈ ಜೇಬಿಗಿಟ್ಟುಕೊಂಡು ಇಳಿಯುತ್ತಾನೆ. ಕ್ಯಾಬಿನ್ ಒಂದು ಮೊಳ ಸರಿಸಬೇಕಾದರೂ ಮತ್ತೆ ಮೇಲೆ ಬಂದು ಬೀಗ ತೆಗೆಯುತ್ತಾನೆ. ದಿನಕ್ಕೆ ಆರೇಳು ಸಲ. ನಾನೇ ಸ್ವಿಚ್ಚು ಆಫ್ ಮಾಡ್ತೀನಿ ಬಿಡೋ ಎಂದರೂ ಕೇಳುವುದಿಲ್ಲ.

ಯಾವಾಗಿನಿಂದ ಎಂದೆ. ನನ್ನ ದನಿ ನನಗೇ ಹೊರಗಿನವರ ದನಿಯ ಹಾಗೆ ಕೇಳಿಸಿತು.

ಇವರು ಬೆರಳು ಮಡಚಿ ಲೆಕ್ಕ ಹಾಕಿ, ಆ ಬುಧವಾರದಿಂದ ಎಂದರು. ಹೇಳಿ ಮುಗಿಸುವಷ್ಟರಲ್ಲಿ ಅವರ ಕೈಯೂ ನಿಂತಿತು.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಆ ಕಟ್ಟಡಕ್ಕೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದೆ. ಕೆಳಗಿನ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು, ಮುಂದೆ ಅಡ್ಡ ಬೋರ್ಡು. ತಮ್ಮ ಅದರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು ಎರಡೂ ಕೈಯಿಂದ ಮೊಣಕಾಲು ಉಜ್ಜಿಕೊಳ್ಳುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಮನೆಯ ಬೀಗದಕೈ ಮರೆತು ಬಂದೆ, ನಿನ್ನ ಭಾವನ ಹತ್ತಿರ ಇಸಿದುಕೊಂಡು ಹೋಗುತ್ತೇನೆ ಎಂದೆ. ನಾಚಿಕೆಗೇಡು, ಅಲ್ಲೂ ಸುಳ್ಳು. ಅವನು ನನ್ನನ್ನು ಒಂದು ಗಳಿಗೆ ನೋಡಿ, ಲಿಫ್ಟಿಲ್ಲ ಅಕ್ಕ, ನಿಧಾನಕ್ಕೆ ಹತ್ತು ಎಂದ.

ಹನ್ನೊಂದು ಮಹಡಿ. ಐದನೆಯದರಲ್ಲಿ ಏದುಸಿರು ಬಂತು. ಎಂಟನೆಯದರಲ್ಲಿ ಕಾಲು ನಡುಗಲು ಶುರುವಾಯಿತು. ಇದನ್ನೇ ಅವನು ದಿನಕ್ಕೆ ಆರೇಳು ಸಲ. ಕಂಬಿ ಹಿಡಿದು ಹಿಡಿದು ಮೇಲೆ ಹೋದೆ. ಕೊನೆಗೊಂದು ಕಬ್ಬಿಣದ ಬಾಗಿಲು, ಅರ್ಧ ತೆರೆದಿತ್ತು. ಒಳಗೆ ಎಣ್ಣೆಯ ವಾಸನೆ, ಬೆಚ್ಚನೆಯ ಗಾಳಿ, ಎಲ್ಲಿಂದಲೋ ಒಂದು ಫ್ಯಾನಿನ ಮೊರೆತ. ಇವರು ನನಗೆ ಬೆನ್ನು ಹಾಕಿ ಕೂತು, ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಮೋಟಾರು ಒರೆಸುತ್ತಿದ್ದರು. ವಾಕಿಟಾಕಿ ಸೊಂಟದಲ್ಲಿತ್ತು.

ಅದರಿಂದ ತಮ್ಮನ ದನಿ ಬಂತು. ಬಾಗಿಲ ಹತ್ತಿರ ನಿಂತ ನನಗೆ ಪಕ್ಕದಲ್ಲಿ ನಿಂತು ಹೇಳಿದಷ್ಟು ಚೊಕ್ಕ. ಭಾವ, ಅಕ್ಕ ಮೇಲೆ ಬರ್ತಿದ್ದಾಳೆ. ಇವರು ಒರೆಸುತ್ತಲೇ ಇದ್ದರು. ಭಾವ, ಕೇಳಿಸ್ತಾ? ಇವರು ಬಟ್ಟೆಯ ಮಗ್ಗುಲು ಬದಲಿಸಿ ಮತ್ತೆ ಒರೆಸಿದರು. ಬಾಯಲ್ಲಿ ಯಾವುದೋ ಹಳೆಯ ರಾಗ. ಮೂರನೆಯ ಸಲ ಅವನು ಕರೆಯಲಿಲ್ಲ. ಇಷ್ಟು ದಿನ ಕಾಗದದ ಮೇಲಿನ ಗೆರೆ ನೋಡಿದ್ದೆ, ಪುಸ್ತಕದ ಅಂಕಿ ನೋಡಿದ್ದೆ. ನನ್ನ ತಮ್ಮ ಕರೆದದ್ದು ಹೀಗೆ ಬರಿಗಾಳಿಗೆ ಹೋಗುವುದನ್ನು ಕಣ್ಣಾರೆ ಕಂಡಿರಲಿಲ್ಲ. ಅವತ್ತು ಅವನು ಗುಂಡಿಯೊಳಗೆ ಮಲಗಿ ಕರೆದದ್ದೂ ಹೀಗೆಯೇ.

ಹೋಗಿ ಇವರ ಸೊಂಟದಿಂದ ವಾಕಿಟಾಕಿ ಕಿತ್ತುಕೊಂಡೆ. ಇವರು ಬೆಚ್ಚಿ ತಿರುಗಿದರು. ಅದರ ಬಟನ್ ಒತ್ತಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಒಂದು ರೇಡಿಯೊದಲ್ಲಿ ನಾನಾಗಿಯೇ ಮಾತಾಡಿದ್ದು.

"ನಾನು ಕಣೋ. ನಿನ್ನ ಭಾವನಿಗೆ ಕೇಳಿಸ್ಲಿಲ್ಲ. ಅವರಿಗೆ ಕಿವಿ ಕೇಳಿಸಲ್ಲ. ಅವತ್ತು ಬ್ರೇಕು ಜಾರಿದ್ದಲ್ಲ."

ಬಿಟ್ಟೆ. ಗರಗರದ ನಡುವೆ ತಮ್ಮನ ದನಿ ಬಂತು.

"ಗೊತ್ತಕ್ಕ. ಅವತ್ತೇ ಕೇಳಿಸ್ಕೊಂಡೆ. ಭಾವ ಹೇಳ್ತೀನಿ ಅಂದಿದ್ದೂ ಕೇಳಿಸ್ತು, ನೀನು ಬೇಡ ಅಂದಿದ್ದೂ ಕೇಳಿಸ್ತು."

ಅಲ್ಲೇ ಕಬ್ಬಿಣದ ಹಾಸಿನ ಮೇಲೆ ಕೂತೆ. ಬಟನ್ ಒತ್ತಿ, ಮತ್ತೆ ಯಾಕೋ ಇಳೀತಿದ್ದೆ, ಬರಲ್ಲ ಅಂತ ಅನ್ನಬಾರದಿತ್ತಾ ಎಂದು ಕೇಳಿದೆನೋ, ಬರೀ ಅತ್ತೆನೋ. ಅವನಿಗೆ ಅರ್ಥವಾಯಿತು.

"ನಾನು ಬರಲ್ಲ ಅಂದ್ರೆ ಇನ್ನೊಬ್ಬನ್ನ ಇಳಿಸ್ತಾರೆ. ಅವನಿಗೆ ಗೊತ್ತಿರಲ್ಲ. ನನಗಾದ್ರೆ ಗೊತ್ತು." ಇನ್ನೊಂದು ಮಾತು ಸೇರಿಸಿದ. "ದಿನಾ ನೀನು ಫೋನ್ ಮಾಡ್ತೀಯೇನೋ ಅಂದ್ಕೊಂಡಿದ್ದೆ ಅಕ್ಕ. ಹದಿನೇಳು ದಿನ ಆಯ್ತು."

ಇವರು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ನನ್ನ ಕೈಯಲ್ಲಿದ್ದ ಪೆಟ್ಟಿಗೆಯನ್ನೂ ನನ್ನ ಮುಖವನ್ನೂ ನೋಡುತ್ತಿದ್ದರು. ಎಲ್ಲ ಮಾತೂ ಅವರ ಮೊಣಕೈ ದೂರದಲ್ಲೇ ಆಗಿತ್ತು.

"ಏನಂತೆ?" ಎಂದರು.